ಅವರ ಹೆದರಿಕೆ, ನಮ್ಮ ಎಲೆ

ಹೆದರಿಕೆ ಹುಟ್ಟುಗುಣ ಎನ್ನುವವರು ನಮ್ಮ ಕೊಪ್ಪಗಳಿಗೆ ಬಂದು ನೋಡಬೇಕು. ನಮ್ಮ ಮಕ್ಕಳಿಗೆ ಹಾವಿನ ಹೆದರಿಕೆಯಿಲ್ಲ, ಕಾಡಿನ ಹೆದರಿಕೆಯಿಲ್ಲ. ಬುಟ್ಟಿಗೆ ಬೇಕಾದ ಬಳ್ಳಿ ತರಲು ಅಬ್ಬಿಯ ಹಿಂದೆ ಗುಡ್ಡೆ ಹತ್ತುತ್ತವೆ. ಒಡೇರ ಅಂಗಳದ ಅಂಚಿಗೆ ಬಂದಾಗ ಮಾತ್ರ ಕಾಲು ತಾನಾಗಿ ನಿಲ್ಲುತ್ತದೆ. ಇದನ್ನು ಯಾವ ಶಾಲೆ ಕಲಿಸಿತು?

ಕುಂದಾಪುರ ಬಿಟ್ಟು ಹೊಳೆ ದಾಟಿದರೆ ತಲ್ಲೂರು. ಹೆದ್ದಾರಿಯ ಬಸ್ಸಿನಲ್ಲಿ ಹೋಗುವವರಿಗೆ ಪೇಟೆ ಕಾಣುತ್ತದೆ, ಕೊರಗರಾದ ನಾವು ಕಾಣುವುದಿಲ್ಲ. ಅದಕ್ಕೇ ಬಯಲುಸೀಮೆಯ ಗೆಳೆಯರು 'ಅಜಲು ಅಂದ್ರೇನು?' ಅಂತ ಕೇಳುತ್ತಾರೆ. ಹೇಳಲು ನಮಗೆ ನಾಚಿಕೆಯಿಲ್ಲ, ಮಾಡಿಸಿದವರಿಗೆ ಇರಬೇಕು. ಮೇಲಿನವರ ಮನೆಯಲ್ಲಿ ಕೂಸು ಉಳಿಯುವುದಿಲ್ಲ, ಬಸುರಿಗೆ ತೊಂದರೆ, ಕಾಯಿಲೆ ಬಿಡುವುದಿಲ್ಲ ಎಂದರೆ ಅವರ ಕೂದಲು, ಉಗುರು ಅನ್ನದಲ್ಲಿ ಕಲಸಿ ನಮ್ಮವರಿಗೆ ಉಣಿಸುವುದು. ಕೆಡುಕು ಕೊರಗನ ಹೊಟ್ಟೆ ಸೇರಿತು, ಮನೆ ಶುದ್ಧವಾಯಿತು! ಕಂಬಳದ ಹಿಂದಿನ ರಾತ್ರಿಯೆಲ್ಲ ಗದ್ದೆ ಬದಿಯ ಚಳಿಯಲ್ಲಿ ಡೋಲು ಬಡಿಯುತ್ತ ಕೂರುವುದು, ಕೋಣಗಳಿಗೆ ಮೊದಲು ಆ ಕೆಸರಿನಲ್ಲಿ ಓಡುವುದು, ಇದೂ ಅಜಲೇ.

ಇಲ್ಲಿ ಯಾರಿಗೆ ಹೆದರಿಕೆ? ಸಾವಿಗೆ ಹೆದರಿದವರು ಅವರು. ಆ ಹೆದರಿಕೆಯನ್ನು ಎಲೆಯಲ್ಲಿಟ್ಟು ನಮಗೆ ಬಡಿಸಿದರು. ಒಂದೇ ತುತ್ತಿನಲ್ಲಿ ಅವರದು ಕಳೆಯಿತು, ನಮ್ಮದು ಶುರುವಾಯಿತು. ಒಲ್ಲೆ ಅಂದರೆ ಭೂತದ ಮುನಿಸು, ಒಡೇರ ಸಿಟ್ಟು, ನಾಳೆಯ ಗಂಜಿಗೆ ಕಲ್ಲು. ಮೂರರಲ್ಲಿ ನಿಜವಾದದ್ದು ಯಾವುದೆಂದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು: 'ಹೆದ್ರೂದ್ ಭೂತಕ್ಕಲ್ಲ ಮಗಾ, ಹೊಟ್ಟಿಗೆ.'

ಆದ್ದರಿಂದ 'ಮನಸ್ಸು ಗಟ್ಟಿ ಮಾಡ್ಕೊಳ್ಳಿ' ಎಂದು ಭಾಷಣ ಬಿಗಿಯುವವರನ್ನು ಕಂಡರೆ ನಮಗೆ ನಗು. ಹೆದರಿಕೆಯ ಬೇರು ಎದೆಯಲ್ಲಿಲ್ಲ ಸ್ವಾಮಿ, ಪಹಣಿಯಲ್ಲಿದೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಭೂಮಿಯ ಒಡೆಯರಾದರು, ಒಳ್ಳೆಯದೇ. ಬುಟ್ಟಿ ಹೆಣೆಯುವವನ ಹತ್ತಿರ ಗೇಣಿ ಚೀಟಿ ಎಲ್ಲಿಂದ ಬರಬೇಕು? ಉಡುಪಿ ಇನ್ನೂ ಬೇರೆ ಜಿಲ್ಲೆಯಾಗದ ಕಾಲ, 1993ರ ಆಗಸ್ಟ್ 18ರಂದು, ಭೂಮಿ ಕೊಡಿ ಎಂದು ಕೊರಗರು ಮಂಗಳೂರಿನಲ್ಲಿ ಮೆರವಣಿಗೆ ಹೋದರು. ತಲೆಮಾರುಗಟ್ಟಲೆ ರಸ್ತೆಯ ಬದಿಗೆ ಸರಿದು ನಿಂತವರು ರಸ್ತೆಯ ನಡುವೆ ನಡೆದದ್ದು! ಆ ದಿನವನ್ನು ಈಗಲೂ ಭೂಮಿ ಹಬ್ಬವಾಗಿ ಆಚರಿಸುತ್ತೇವೆ. ನಮ್ಮ ಪಂಚಾಂಗದಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ.

ಅಜಲು ನಿಷೇಧ ಕಾಯ್ದೆ ಬಂದದ್ದು 2000ದಲ್ಲಿ. ಕಾಯ್ದೆ ಬೇಕು, ಆದರೆ ಕಾಯ್ದೆ ನಮ್ಮ ಬದಲು ಬಂದು ಮಾತಾಡುವುದಿಲ್ಲ. ಮಹಾಡಿನ ಪುರಸಭೆ ಚವದಾರ್ ಕೆರೆಯನ್ನು ಅಸ್ಪೃಶ್ಯರಿಗೆ ತೆರೆದಿದೆ ಎಂದು ನಿರ್ಣಯ ಮಾಡಿದ್ದು 1924ರಲ್ಲಿ. ನಿರ್ಣಯ ಕಾಗದದಲ್ಲಿತ್ತು, ನೀರು ಕೆರೆಯಲ್ಲೇ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಬೊಗಸೆಗೆ ಎತ್ತಿಕೊಳ್ಳಬೇಕಾಯಿತು. ಅವತ್ತೇ ಅವರ ಜನರಿಗೆ ಹೊಡೆತವೂ ಬಿತ್ತು. ಹೆದರಿಕೆ ಬಿಟ್ಟವನಿಗೆ ಪೆಟ್ಟು ಬೀಳುವುದಿಲ್ಲ ಎಂದು ನಾವು ಯಾರಿಗೂ ಸುಳ್ಳು ಹೇಳುವುದಿಲ್ಲ.

ಪೆಟ್ಟು ಇಲ್ಲೂ ಬಿತ್ತು. 2021ರ ಡಿಸೆಂಬರಿನಲ್ಲಿ, ಇಲ್ಲೇ ದಕ್ಷಿಣಕ್ಕೆ ಕೋಟತಟ್ಟಿನ ಕೊರಗರ ಮನೆಯ ಮೆಹಂದಿ ರಾತ್ರಿ. ಪಾಟಿನ ಗಲಾಟೆ ಹೆಚ್ಚಾಯಿತೆಂದು ಪೊಲೀಸರು ಬಂದರು, ಮದುವೆಯ ಗಂಡು ಅಂತ ನೋಡದೆ ಲಾಠಿ ಬೀಸಿದರು. ಹಿಂದಾದರೆ ಗಾಯಕ್ಕೆ ಸೊಪ್ಪು ಅರೆದು ಹಚ್ಚಿ ಸುಮ್ಮನಾಗುತ್ತಿದ್ದೆವು. ಈ ಸಲ ಸುದ್ದಿ ಇಡೀ ರಾಜ್ಯ ಮುಟ್ಟಿತು, ಸಬ್ ಇನ್ಸ್‌ಪೆಕ್ಟರ್ ಅಮಾನತಾದರು. ಪೆಟ್ಟು ತಿಂದವರ ಮೇಲೂ ಕೇಸು ಬಿತ್ತು, ಅದು ಬೇರೆ ಮಾತು. ಆದರೂ ಆ ಮನೆಯವರು ಬಾಯಿ ಮುಚ್ಚಲಿಲ್ಲ.

ಈಗ ನಮ್ಮೊಳಗೆ ಡೋಲಿನದೇ ಜಗಳ. ಅವಮಾನದ ಗುರುತು, ಸುಟ್ಟುಬಿಡಿ ಅಂತ ಕೆಲವರು. ನಮ್ಮ ಚರ್ಮ, ನಮ್ಮ ಕೈ, ನಮ್ಮ ತಾಳ, ಯಾಕೆ ಸುಡಬೇಕು ಅಂತ ಉಳಿದವರು. ನಾವು ಎರಡನೆಯವರ ಕಡೆ. ನಮ್ಮ ಮದುವೆಗೆ, ನಮ್ಮ ಭೂಮಿ ಹಬ್ಬಕ್ಕೆ ಬಾರಿಸುತ್ತೇವೆ. ಮೊನ್ನೆ ಒಬ್ಬರು ಸ್ಕೂಟರಿನಲ್ಲಿ ಬಂದು, ಇಳಿಯದೆಯೇ, 'ಡೋಲಿಗ್ ನಾಲ್ಕ್ ಜನ ಬೇಕಿತ್ತ್' ಅಂದರು. ಕಾಲೇಜಿಗೆ ಹೋಗುವ ನಮ್ಮ ಹುಡುಗಿ ಒಳಗಿಂದಲೇ ಕೇಳಿದಳು: 'ಊಟ ಎಲ್ ಹಾಕ್ತ್ರಿ? ಒಳ್ಗಾ, ಹೊರ್ಗಾ?'

ಮನೆಯಲ್ಲಿ ಕೇಳಿ ಬರುತ್ತೇನೆ ಅಂತ ಹೋದರು. ಇನ್ನೂ ಬಂದಿಲ್ಲ.