ಬಿಸಿಲುಸೀಮೆಯ ಐದು ತಾಲೂಕುಗಳು

ಚಳಿಯಿಂದ ಬೇಸತ್ತ ಐರೋಪ್ಯರು ಬಿಸಿಲನ್ನರಸಿ ಸ್ಪೇನ್ ದೇಶದ ದಕ್ಷಿಣ ಪ್ರಾಂತಗಳಿಗೆ ಹೋಗುವರಂತೆ. ನಮಗೆ ಆ ವೆಚ್ಚವಿಲ್ಲ. ಬಿಸಿಲು ನಮ್ಮ ಮನೆಬಾಗಿಲಿಗೇ ಬರುವುದು. ೨೦೨೧ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಯೆನಿಸಿದ ಸೀಮೆಯ ಐದು ತಾಲೂಕುಗಳನ್ನು ನಾವು ಪುಷ್ಯಮಾಸದಲ್ಲಿ ಕುಟುಂಬಸಮೇತರಾಗಿ ಸುತ್ತಿ ಬಂದೆವು. ಹಂಪೆಗೆ ಹೋಗುವ ಯಾತ್ರಿಕರು ಈ ಊರುಗಳನ್ನು ಬಂಡಿಯ ಕಿಟಕಿಯಿಂದಲೇ ನೋಡಿ ಮುಂದೆ ಸಾಗುವರು. ಅರವತ್ತು ವರ್ಷ ನಾವು ಮಾಡಿದ್ದೂ ಅದನ್ನೇ.

ಕೂಡ್ಲಿಗಿಯದು ಬಂಡೆಗುಡ್ಡಗಳ ನಾಡು. ಗುಡೇಕೋಟೆಯ ಸುತ್ತಲಿನ ಕಾಡು ಕರಡಿಧಾಮವಾಗಿದೆ. ಊರಿನಲ್ಲಿ ಗಾಂಧಿಯವರ ಚಿತಾಭಸ್ಮವನ್ನಿಟ್ಟ ಸ್ಮಾರಕವುಂಟು. ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರಿಗೆ ಇನ್ನೂ ದಿನಗಳಿದ್ದುದರಿಂದ ಬೀದಿಗಳು ಬಿಡುವಾಗಿದ್ದವು. ನಮ್ಮ ವಯಸ್ಸಿನವರಿಗೆ ಅದೇ ಹಿತ. ಹಗರಿಬೊಮ್ಮನಹಳ್ಳಿಯ ಬಳಿಯ ಅಂಕಸಮುದ್ರದ ಕೆರೆಯಲ್ಲಿ ಕರಿಜಾಲಿ ಮರಗಳ ತುಂಬ ಹಕ್ಕಿಗಳು. ೨೦೨೪ರಲ್ಲಿ ಈ ಕೆರೆಗೆ ರಾಮ್ಸರ್ ಒಪ್ಪಂದದ ಜಾಗತಿಕ ಮನ್ನಣೆ ದೊರೆಯಿತು.

ಹಡಗುಗಳಲ್ಲಿ ಹಂಪೆಗೆ ಹೂ ಹೋಗುತ್ತಿದ್ದುದರಿಂದ ಹೂವಿನಹಡಗಲಿ ಎಂಬ ಹೆಸರು ಬಂದಿತೆನ್ನುವರು. ಕತೆ ಚೆನ್ನಾಗಿದೆ, ಆದರೆ ವಿಜಯನಗರ ಹುಟ್ಟುವ ಮೊದಲೇ, ಚಾಲುಕ್ಯರ ಕಾಲದ ಶಾಸನಗಳಲ್ಲಿಯೇ ಊರಿಗೆ ‘ಪೂವಿನ ಪಡಂಗಿಲೆ’ ಎಂದು ಹೆಸರಿತ್ತು. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮನ್ನಣೆಯಿದೆ. ನಾವು ಹೋದುದು ಮಲ್ಲಿಗೆಯ ಕಾಲವಲ್ಲವಾಗಿ ನಮ್ಮ ಮನೆಯವರು ಸೇವಂತಿಗೆಯಲ್ಲಿಯೇ ತೃಪ್ತರಾದರು.

ಇದೇ ತಾಲೂಕಿನ ಕುರುವತ್ತಿಯಲ್ಲಿ ಅರ್ಧ ದಿನ ನಿಂತೆವು. ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನು ಶಮನವಾಗದ ದಾಹಜ್ವರದಿಂದ ನೊಂದು ತುಂಗಭದ್ರೆಯಲ್ಲಿ ಮುಳುಗಿ ದೇಹತ್ಯಾಗ ಮಾಡಿದ ಪ್ರಸಂಗವು ಕಾಶ್ಮೀರದ ಬಿಲ್ಹಣನ ವಿಕ್ರಮಾಂಕದೇವಚರಿತದಲ್ಲಿ ಬರುವುದು. ಮೂವತ್ತು ವರ್ಷ ಅದನ್ನು ಪಾಠ ಹೇಳಿದೆವು. ಸಮಾಸಗಳನ್ನು ಬಿಡಿಸಿದೆವು, ಅಲಂಕಾರಗಳನ್ನು ಹೆಸರಿಸಿದೆವು. ಒಮ್ಮೆ ಒಬ್ಬ ಹುಡುಗನು, “ಗುರುಗಳೇ, ಅರಸನು ನದಿಗಿಳಿದದ್ದು ಯಾವ ಊರಿನಲ್ಲಿ?” ಎಂದು ಕೇಳಿದನು. “ಪರೀಕ್ಷೆಗೆ ಅದು ಬಾರದು, ಕುಳಿತುಕೋ” ಎಂದು ಗದರಿದೆವು. ನಮಗೇ ತಿಳಿದಿರಲಿಲ್ಲ ಎಂಬುದೇ ನಿಜ. ಶಾಸನಗಳು ಹೇಳುವಂತೆ ಸ್ಥಳವು ಈ ಕುರುವತ್ತಿ, ವರ್ಷ ೧೦೬೮.

ಮಲ್ಲಿಕಾರ್ಜುನ ದೇವಾಲಯದ ಬಾಗಿಲಲ್ಲಿನ ಮದನಿಕೆಯರನ್ನು ನೋಡಲೆಂದೇ ದೂರದಿಂದ ಬರುವವರಿದ್ದಾರೆ. ಆ ಶಿಲ್ಪಗಳು ಅದಕ್ಕೆ ತಕ್ಕವೇ. ನಾವು ಮಾತ್ರ ಹೊಳೆಯ ದಂಡೆಯಲ್ಲಿ ಹೆಚ್ಚು ಹೊತ್ತು ಕುಳಿತೆವು. ಮೇಲೆ ಉರಿಬಿಸಿಲು, ಕಾಲಡಿಯಲ್ಲಿ ತಣ್ಣನೆಯ ನೀರು. ಜ್ವರದ ಮೈಗೆ ಆ ನೀರು ಏನಾಗಿತ್ತೆಂಬುದು ಇಷ್ಟು ವರ್ಷಗಳ ಬಳಿಕ ಅರ್ಥವಾಯಿತು. ಆ ಹುಡುಗನಿಗೆ ಬರೆಯೋಣವೆಂದರೆ ವಿಳಾಸವಿಲ್ಲ.

ಹರಪನಹಳ್ಳಿಯನ್ನು ೧೯೯೭ರಲ್ಲಿ ದಾವಣಗೆರೆಗೆ ಸೇರಿಸಿದರು, ಮತ್ತೆ ಬಳ್ಳಾರಿಗೆ ತಂದರು. ಈಗ ಅದು ವಿಜಯನಗರದ್ದು. ಸಮೀಪದ ಬಾಗಳಿಯ ಕಲ್ಲೇಶ್ವರ ದೇವಾಲಯಕ್ಕೆ ಈ ಪಾಡಿಲ್ಲ. ಅಲ್ಲಿನ ಶಾಸನವೊಂದು ೯೮೭ನೆಯ ಇಸವಿಯದು. ಕಡೆದ ಕಂಬಗಳು ಕನ್ನಡಿಯಂತೆ ನುಣುಪಾಗಿವೆ. ಹೊಸಪೇಟೆಯಿಂದ ಕೊಟ್ಟೂರಿಗೆ ಹಿಂದೆಯೇ ಇದ್ದ ರೈಲುದಾರಿ ಈಗ ಹರಪನಹಳ್ಳಿಯ ಮೇಲೆ ಹರಿಹರವನ್ನು ಮುಟ್ಟುವುದು. ಕುರುವತ್ತಿಗೆ ಮಾತ್ರ ರೈಲಿಲ್ಲ. ಹೋಗುವವರು ಹಡಗಲಿಯಲ್ಲಿ ಬಸ್ಸಿನ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು.