ಬಚ್ಚಲ ಹಿಂದಿನ ಅರಿಶಿಣ

ಹೋದ ವರ್ಷ ಹಸ್ತ ಮಳೆ ಹಿಡಿದಾಗಿನ ಮಾತು. ನಮ್ಮ ಬಿ.ಜಿ. ಕೆರೆ ಕಡೆ ಮಳೆ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಆ ಸಲ ಮೂರು ದಿನ ಬಿಡಲಿಲ್ಲ. ನಾಲ್ಕನೇ ದಿನ ನೋಡಿದ್ರೆ ಬಚ್ಚಲ ಹಿಂದೆ, ಕೊಳೆತ ಶೇಂಗಾ ಹೊಟ್ಟಿನ ಮೇಲೆ ಅಂಗೈಯಗಲ ಹಳದಿ ನೊರೆ. ಅರಿಶಿಣ ಕಲಸಿ ಚೆಲ್ಲಿದಂಗೆ.

"ಯಾರೋ ಮಾಟ ಮಾಡ್ಸವ್ರೆ" ಅಂದ್ರು ಅತ್ತೆ. ಯಾರೋ ಅಂದಿದ್ದು ಬಾಯಿ, ಕಣ್ಣು ಹೋಗಿದ್ದು ಪಕ್ಕದ ಮನೆ ಕಡೆ. ಗೋಡೆ ಜಗಳ ಹಳೇದು. ಮಾರನೇ ದಿನ ಅದು ಪಕ್ಕದ ಸೌದೆ ತುಂಡು ಹತ್ತಿತ್ತು! ನನಗೂ ಎದೆ ಝಲ್ಲಂತು. ಪಕ್ಕದಕ್ಕನ ಹತ್ರ ಹೆಪ್ಪಿಗೆ ಮಜ್ಜಿಗೆ ಕೇಳೋದೂ ನಿಲ್ತು.

ಎಂಟು ದಿನಕ್ಕೆ ಬಿ.ಎಸ್ಸಿ. ಓದೋ ಮಗಳು ಬಂದ್ಲು. ಅಷ್ಟೊತ್ತಿಗೆ ಅದು ಒಣಗಿ ಪುಡಿಯಾಗಿತ್ತು, ಫೋಟೋ ತೋರಿಸಿದೆ. ಬಿದ್ದು ಬಿದ್ದು ನಕ್ಕಳು. ಅದು ಲೋಳೆ ಬೂಷ್ಟಂತೆ, ಸ್ಲೈಮ್ ಮೋಲ್ಡ್. ಬೂಷ್ಟು ಅಂತ ಹೆಸರಷ್ಟೇ. ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ಅಷ್ಟಗಲ ಇರೋದು ಒಂದೇ ಜೀವಕೋಶ! ಮಿದುಳಿಲ್ಲ, ನರ ಇಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ತಿನ್ಕೊಂಡು ನಿಧಾನ ಹರಿದಾಡ್ತೈತೆ.

ಇದರ ಬಳಗದ್ದೇ ಫೈಸಾರಮ್ ಅಂತ ಒಂದೈತೆ. 2000ರಲ್ಲಿ ಜಪಾನಿನ ನಾಕಗಾಕಿ ಅನ್ನೋರು ಅದನ್ನ ಸುತ್ತುಬಳಸಿನ ದಾರಿಯಲ್ಲಿ ಬಿಟ್ಟು, ಎರಡು ತುದಿಗೆ ಓಟ್ಸ್ ಇಟ್ರು. ಮೊದಲು ಎಲ್ಲಾ ಸಂದಿಗೂ ಕೈ ಚಾಚ್ತು. ಆಮೇಲೆ ಉಪಯೋಗ ಇಲ್ಲದ ಕಡೆಯಿಂದ ಹಿಂದಕ್ಕೆ ಎಳ್ಕೊಂಡು, ಹತ್ತಿರದ ದಾರಿ ಒಂದನ್ನೇ ಉಳಿಸ್ಕೊಂತು. ಗುಟ್ಟು ಇಷ್ಟೇ: ಯಾವ ನಾಳದಲ್ಲಿ ಹರಿವು ಜಾಸ್ತಿಯೋ ಅದು ದಪ್ಪ ಆಗ್ತೈತೆ, ಹರಿವಿಲ್ಲದ್ದು ಸೊರಗ್ತೈತೆ. ನಮ್ಮ ಹೊಲದ ಕಾಲುದಾರಿ ಆಗೋದೂ ಹಂಗೇ ಅಲ್ವಾ? 2010ರಲ್ಲಿ ಟೋಕಿಯೋ ಸುತ್ತಿನ ಊರುಗಳ ಜಾಗದಲ್ಲಿ ಓಟ್ಸ್ ಇಟ್ಟಿದ್ದಕ್ಕೆ ಅಲ್ಲಿನ ರೈಲುದಾರಿಗೆ ಸಾಟಿಯಾಗೋ ಜಾಲವನ್ನೇ ಹೆಣೀತಂತೆ.

ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ವಿದ್ಯಾನಂದ ನಂಜುಂಡಯ್ಯನವರು ವರ್ಷಗಟ್ಟಲೆ ಓದಿದ್ದು ಇನ್ನೊಂದು ಜಾತಿ, ಡಿಕ್ಟಿಯೋಸ್ಟೀಲಿಯಮ್. ಅದು ಬಿಡಿಬಿಡಿ ಕಣಗಳಾಗಿ ಬದುಕ್ತೈತೆ. ಊಟ ಮುಗಿದಾಗ ಸಾವಿರಾರು ಕಣ ಒಂದುಗೂಡಿ ಸಣ್ಣ ಕಡ್ಡಿಯಂಗೆ ನಿಲ್ತವೆ. ಸುಮಾರು ಐದರಲ್ಲೊಂದು ಪಾಲು ಕಾಂಡ ಆಗಿ ಸಾಯ್ತವೆ. ಉಳಿದವು ಅದರ ತುದೀಲಿ ಬೀಜಕಣ ಆಗಿ ಬದುಕ್ಕೊಂತವೆ. ಇದನ್ನ ಕೇಳಿದಾಗ ಅತ್ತೆ ತುಂಬಾ ಹೊತ್ತು ಮಾತಾಡಲಿಲ್ಲ.

ಸಂಜೆ ಹುರುಳಿಕಾಳು ಬಸ್ಸಾರು ಮಾಡಿದ್ದೆ. ಅತ್ತೇನೇ ಒಂದು ಬಟ್ಟಲು ತುಂಬಿಸ್ಕೊಂಡು ಪಕ್ಕದ ಮನೆಗೆ ಹೋದ್ರು, ಹಿಂದೆ ನಾನು. ಪಕ್ಕದಕ್ಕ ಬಟ್ಟಲು ಇಸ್ಕೊಂಡು, ತಲೆ ಬಗ್ಗಿಸಿ, "ನಮ್ಮ ಹಿತ್ತಿಲಲ್ಲೂ ಬಂದಿತ್ತು ಕಣಮ್ಮ. ನೀವೇ ಇಟ್ಟೀರಿ ಅಂತ ನಾನು ನಿಂಬೆಹಣ್ಣು ಇಳಿ ತೆಗೆಸಿದ್ದೆ" ಅಂದ್ಲು.