ಎಲ್ಲೆಯ ಮೇಲಿನ ಹಾಡು

ಗಡಿಯಲ್ಲಿ ಬಾಳುವ ನಮಗೆ ಅಮೆರಿಕದ ಬ್ರಿಸ್ಟಲ್ ಪಟ್ಟಣದ ಸುದ್ದಿ ಕೇಳಿದರೆ ಏನೋ ಸಲಿಗೆ ಹುಟ್ಟುತ್ತದೆ. ಅದರ ಪ್ರಧಾನ ಬೀದಿಯ ನಟ್ಟನಡುವೆಯೇ ಎರಡು ರಾಜ್ಯಗಳ ಎಲ್ಲೆ ಹಾದುಹೋಗಿದೆ. ಒಂದು ಸಾಲಿನ ಅಂಗಡಿಗಳು ಟೆನೆಸ್ಸಿಗೆ, ಎದುರುಸಾಲಿನವು ವರ್ಜೀನಿಯಾಕ್ಕೆ. ‘ಕಂಟ್ರಿ’ ಎಂಬ ಗಾಯನ ಪರಂಪರೆಯ ಜನ್ಮಸ್ಥಳವೆಂದು 1998ರಲ್ಲಿ ಆ ದೇಶದ ಸಂಸತ್ತು ಮನ್ನಿಸಿದ್ದು ಈ ಊರನ್ನೇ.

1927ರ ಜುಲೈ ಕೊನೆಯಲ್ಲಿ ವಿಕ್ಟರ್ ಗ್ರಾಮಫೋನ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಧ್ವನಿಮುದ್ರಣ ಯಂತ್ರಗಳೊಡನೆ ಬಂದು, ಇಲ್ಲಿನ ಟೋಪಿ ಕಂಪನಿಯೊಂದರ ಕಟ್ಟಡದಲ್ಲಿ ಬೀಡುಬಿಟ್ಟರು. ಆಗಸ್ಟ್ 1ರಂದು ವರ್ಜೀನಿಯಾದ ಬೆಟ್ಟಸೀಮೆಯಿಂದ ಎ. ಪಿ. ಕಾರ್ಟರ್, ಅವರ ಮಡದಿ ಸಾರಾ, ತಮ್ಮನ ಹೆಂಡತಿ ಮೇಬೆಲ್ ಬಂದು ಹಾಡಿದರು. ಮೇಬೆಲ್‌ಗೆ ಆಗ ಹದಿನೆಂಟು ವರ್ಷ, ತುಂಬು ಬಸುರಿ. ಮೂರು ದಿನಗಳ ತರುವಾಯ ಹಾಡಿದವರು ಜಿಮ್ಮಿ ರಾಜರ್ಸ್. ರೈಲ್ವೆಯಲ್ಲಿ ದುಡಿದು, ಕ್ಷಯಕ್ಕೆ ತುತ್ತಾಗಿದ್ದವರು. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ, ಹಾಡುಹಾಡಿನ ನಡುವೆ ಮಂಚದ ಮೇಲೆ ಒರಗಿ ದಣಿವಾರಿಸಿಕೊಳ್ಳುತ್ತ ಕಡೆಯ ಮುದ್ರಣ ಮುಗಿಸಿದರು. ಎರಡೇ ದಿನಗಳಲ್ಲಿ ತೀರಿಕೊಂಡರು. ವಯಸ್ಸು ಮೂವತ್ತೈದು.

ಅವರ ಜನನ 1897ರ ಸೆಪ್ಟೆಂಬರ್ 8. ಅದೇ ತಾರೀಖಿನಂದು 1932ರಲ್ಲಿ ಪ್ಯಾಟ್ಸಿ ಕ್ಲೈನ್ ಹುಟ್ಟಿದರು. ಹ್ಯಾಂಕ್ ವಿಲಿಯಮ್ಸ್ ಹುಟ್ಟಿದ್ದೂ ಸೆಪ್ಟೆಂಬರಿನಲ್ಲೇ, 1923ರ 17ರಂದು. ಅಭಿಮಾನಿಗಳಿಗೆ ಈ ದಿನಗಳೆಲ್ಲ ಬಾಯಿಪಾಠ.

ನಮ್ಮ ಮನಸ್ಸು ಮಾತ್ರ ಲೆಸ್ಲಿ ರಿಡಲ್ ಎಂಬವರ ಕಡೆಗೇ ಹರಿಯುತ್ತದೆ. ಒಂದು ಕಾಲು ಕಳೆದುಕೊಂಡಿದ್ದ ಕರಿಯ ಗಿಟಾರ್ ವಾದಕ. ಕಾರ್ಟರ್ ಹಾಡು ಅರಸುತ್ತ ಬೆಟ್ಟದ ಹಳ್ಳಿಗಳನ್ನು ಸುತ್ತುವಾಗ ಇವರು ಜೊತೆಗಿರುತ್ತಿದ್ದರು. ಒಬ್ಬರು ಮಾತುಗಳನ್ನು ಕಾಗದಕ್ಕಿಳಿಸಿದರೆ, ಇನ್ನೊಬ್ಬರು ಮಟ್ಟನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದರು. ಬಿಳಿಯರಿಗೂ ಕರಿಯರಿಗೂ ಕಾನೂನೇ ಗೆರೆ ಎಳೆದಿದ್ದ ಕಾಲವದು. ತಟ್ಟೆಗಳ ಮೇಲೆ ಅಚ್ಚಾದದ್ದು ಕಾರ್ಟರ್ ಮನೆತನದ ಹೆಸರು. ರಿಡಲ್ ಅವರನ್ನು 1960ರ ದಶಕದಲ್ಲಿ ಮೈಕ್ ಸೀಗರ್ ಹುಡುಕಿಕೊಂಡು ಹೋಗಿ, ಅವರದೇ ಕಂಠವನ್ನು ಮುದ್ರಿಸಿಕೊಂಡರು.

ನಮ್ಮ ಸೀಮೆಯ ಬೀಸುಕಲ್ಲಿನ ಪದಗಳನ್ನೂ ಸೋಬಾನೆಗಳನ್ನೂ ನಾವು ವಹಿಗಳಲ್ಲಿ ಬರೆದಿಟ್ಟುಕೊಂಡಿದ್ದೇವೆ. ಸಾಲುಗಳಿವೆ, ಮಟ್ಟುಗಳಿಲ್ಲ. ಹಾಡಿದ ಅಜ್ಜಿಯರನ್ನು ಹುಟ್ಟಿದ ದಿನ ಕೇಳಿದರೆ ಯಾವುದೋ ಬರಗಾಲದ ಹೆಸರು ಹೇಳಿ ನಗುತ್ತಿದ್ದರು. ಅವರಲ್ಲಿ ಇಬ್ಬರು ಇನ್ನೂ ನಮ್ಮ ನಡುವೆ ಇದ್ದಾರೆ. ಕುಳ್ಳಿರಿಸಿ ಕೇಳಿದರೆ ಇಂದಿಗೂ ಹಾಡುತ್ತಾರೆ.